ಕಣಕಟ್ಟೆ ತೋಟದ ಒದ್ದೆ ಚೀಲ

“ನೀರು ಹೊಯ್ದೋರು ಯಾರು? ಯಾರು ಅಂತ ಈಗಲೇ ಹೇಳ್ಬೇಕು!”

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕೂಗಿಗೆ ಜವರಯ್ಯನ ತೆಂಗಿನ ತೋಟದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ತೋಟದ ಮನೆಯೊಳಗೆ ಮಲಗಿದ್ದ ಶಿಲ್ಪಶ್ರೀ ಬಾಗಿಲು ತೆರೆದು ಹೊರಗೆ ಓಡಿದಳು. ಬೇಲೂರು ಕಡೆಯ ಠಾಣೆಯೊಂದರಲ್ಲಿ ಅವಳು ಸಬ್‌ಇನ್‌ಸ್ಪೆಕ್ಟರ್. ಅವತ್ತು ರಜೆ. ಸಾಹೇಬರ ಮುಂದೆ ನಿಂತು, ಕೂತು, ಕೊನೆಗೆ ಮುಖ ಸಣ್ಣದು ಮಾಡಿ ಪಡೆದಿದ್ದ ರಜೆ.

ಅಂಗಳದ ಸೋಗೆ ಚಪ್ಪರದ ಕೆಳಗೆ ವಿಜಯಸಾರಥಿ ನಡುಗುತ್ತ ನಿಂತಿದ್ದರು. ಹಳೇಬೀಡಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವರು. ಬನಿಯನ್ ಮೈಗೆ ಅಂಟಿತ್ತು. ಪಂಚೆ ಕಾಲಿಗೆ ಸುತ್ತಿಕೊಂಡಿತ್ತು. ಅವರ ಪಾದದ ಬಳಿ ಉದ್ದನೆಯ ಕಿತ್ತಳೆ ಬಣ್ಣದ ಚೀಲವೊಂದು ಹಾವಿನ ಪೊರೆಯಂತೆ ಬಿದ್ದಿತ್ತು.

“ಶಿಲ್ಪಶ್ರೀ, ಬಂದೆಯಾ? ಎಫ್‌ಐಆರ್ ಬರ್ಕೊಳಮ್ಮ!”

“ಸಾರ್, ಮೊದಲು ಬಟ್ಟೆ ಬದಲಾಯಿಸಿ.”

“ಆಂ?”

“ಬಟ್ಟೆ!”

ವಿಜಯಸಾರಥಿಗೆ ಕಿವಿ ಮಂದ. ತಲೆದಿಂಬಿನ ಕೆಳಗಿಟ್ಟಿದ್ದ ಕಿವಿಯಂತ್ರ ತಡಕಿ ಸಿಕ್ಕಿಸಿಕೊಂಡರು. “ಬಟ್ಟೆ ಬದಲಾಯಿಸಿದ್ರೆ ಸಾಕ್ಷಿ ನಾಶ ಆಗಲ್ವಾ?” ಎಂದರು.

* * *

ಆ ಚೀಲದ ವಿಷಯ ಮೊದಲು ಹೇಳಬೇಕು.

ಅರಸೀಕೆರೆಯಲ್ಲಿ ಒಂದು ನಡಿಗೆ ಬಳಗವಿದೆ. ಶಿಲ್ಪಶ್ರೀಯೂ ಅದರಲ್ಲಿ ಒಬ್ಬಳು. ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಹತ್ತಿ ಧೈರ್ಯ ಬಂದವರು ಈಗ ಅರೇಹಳ್ಳಿಯಾಚೆಯ ಗುಡ್ಡಗಳಲ್ಲಿ, ಬೆನ್ನಿಗೆ ಗಂಟು ಕಟ್ಟಿಕೊಂಡು, ಎರಡು ದಿನ ನಡೆಯಲು ಸಿದ್ಧರಾಗುತ್ತಿದ್ದರು. ಮುಂದಾಳು ಚೇತನ್‌ಕುಮಾರ್, ವ್ಯಾಯಾಮದ ಮೇಷ್ಟ್ರು. ಗುಡ್ಡದಲ್ಲಿ ಕಾಲು ಉಳುಕಿ, ದಾರಿ ತಪ್ಪಿ, ಚಳಿಯಲ್ಲಿ ರಾತ್ರಿ ಕಳೆಯುವ ಹಾಗಾದರೆ? ಅದಕ್ಕೇ ಪ್ರತಿಯೊಬ್ಬರ ಬಳಿ ಒಂದು ‘ಬಿವಿ ಚೀಲ’ ಇರಬೇಕೆಂದು ಅವನು ಹಟ ಹಿಡಿದಿದ್ದ. ಮಡಿಸಿದರೆ ಮುಷ್ಟಿಯಲ್ಲಿ ಹಿಡಿಸುತ್ತೆ. ಬಿಡಿಸಿ ಒಳಗೆ ನುಸುಳಿ ಕುತ್ತಿಗೆವರೆಗೆ ಎಳೆದುಕೊಂಡರೆ ಮೈಯ ಕಾವು ಹೊರಗೆ ಹೋಗುವುದಿಲ್ಲ.

ಆದರೆ ಯಾವ ಚೀಲ? ಚೇತನ್ ಎರಡು ತರಿಸಿದ್ದ. ಕೆಂಪು ಚೀಟಿಯ ಪೊಟ್ಟಣದಲ್ಲಿದ್ದದ್ದು ಹಗುರದಲ್ಲಿ ಹಗುರ, ತೆಳು ಪ್ಲಾಸ್ಟಿಕ್ ಹಾಳೆಯದು. ಹಸಿರು ಚೀಟಿಯದು ಕೊಂಚ ಭಾರ, ಆದರೆ ಗಾಳಿಯಾಡುವ ಬಟ್ಟೆಯದು. ಬಿಡಿಸಿದರೆ ಎರಡೂ ಹೊರಗೆ ಕಿತ್ತಳೆ, ಒಳಗೆ ಬೆಳ್ಳಿ. ಚೇತನ್ ಕೆಂಪಿನ ಪಕ್ಷ. ವಿಜಯಸಾರಥಿ ಹಸಿರಿನ ಪಕ್ಷ. ವಾಟ್ಸಾಪ್ ಗುಂಪಿನಲ್ಲಿ ಇಬ್ಬರೂ ಒಂದು ವಾರ ಕಾದಾಡಿದ್ದರು. ಕೊನೆಗೆ ತೀರ್ಮಾನವಾಯಿತು: ಜನವರಿಯ ಚಳಿಯಲ್ಲಿ, ಕಣಕಟ್ಟೆಯ ಜವರಯ್ಯನ ತೋಟದಲ್ಲಿ, ಇಬ್ಬರು ಮಲಗಿ ನೋಡುವುದು.

ಹಸಿರಿನಲ್ಲಿ ವಿಜಯಸಾರಥಿಯೇ ಮಲಗಿದರು. ಚೇತನ್‌ಗೆ ಕೆಮ್ಮು ಇದ್ದದ್ದರಿಂದ ಕೆಂಪಿನಲ್ಲಿ ವಿಜಯಸಾರಥಿಯ ಭಾವ ಅನಂತಸ್ವಾಮಿ ಮಲಗಬೇಕಾಯಿತು. ಬ್ಯಾಂಕಿನಿಂದ ನಿವೃತ್ತರಾದ ಸಾಧು ಮನುಷ್ಯ. ತಾವಾಗಿ ಮುಂದೆ ಬಂದದ್ದಲ್ಲ. ಅವರ ಹೆಂಡತಿ, ವಿಜಯಸಾರಥಿಯ ಅಕ್ಕ ಆಂಡಾಳ್, “ನಮ್ಮೋರು ಮಲಗ್ತಾರೆ” ಎಂದು ಅವರ ಪರವಾಗಿ ಕೈ ಎತ್ತಿದ್ದರು.

* * *

“ಕಳ್ಳ ಯಾರು ಅಂತ ನನಗೆ ಗೊತ್ತು.” ಒಣ ಬಟ್ಟೆ ತೊಟ್ಟ ವಿಜಯಸಾರಥಿ ಚೇತನ್ ಕಡೆ ಬೆರಳು ಮಾಡಿದರು. “ಹಸಿರು ಚೀಲ ಸೋಲ್ಬೇಕು ಅಂತ ಇದ್ದೋನು ಇವನೊಬ್ಬನೇ. ಇವನ ತಲೆದೆಸೇಲಿ ನೀರಿನ ಕ್ಯಾನ್ ಇತ್ತು.”

ಜಗಲಿಯಲ್ಲಿ ಮಲಗಿದ್ದ ಚೇತನ್ ಕೆಂಪಾದ. “ಸಾರ್, ಕೆಮ್ಮು ಬಂದಾಗ ಕುಡಿಯೋಕೆ ಇಟ್ಕೊಂಡಿದ್ದೆ. ನಿಮ್ಮ ಮೇಲೆ ಹೊಯ್ಯೋಕಲ್ಲ.”

“ಕ್ಯಾನ್ ಅರ್ಧ ಖಾಲಿ ಐತಲ್ಲ?” ಎಂದ ಜವರಯ್ಯ, ಯಾರೂ ಕೇಳದೆ.

“ನೀವ್ ಸುಮ್ನಿರಿ ಗೌಡ್ರೆ! ರಾತ್ರಿ ಮೋಟ್ರು ಹಾಕಿದ್ದು ನೀವು. ಪೈಪು ಒಡೆದು ಚಿಮ್ಮಿರಬಹುದು,” ಎಂದ ಚೇತನ್.

“ಕರೆಂಟೇ ಬರ್ನಿಲ್ಲ ಕಣಪ್ಪ! ತ್ರೀಫೇಸು ಕೊಡ್ತೀವಿ ಅಂದೋರು ನಂಗೆ ನಾಮ ಹಾಕವ್ರೆ. ಬೇಕಾದ್ರೆ ಬಾ, ಪಾತಿ ನೋಡು.”

ಶಿಲ್ಪಶ್ರೀ ಪಾತಿ ನೋಡಿದಳು. ಮಣ್ಣು ಒಣಗಿತ್ತು. ಆಮೇಲೆ ಚಪ್ಪರದ ಕೆಳಗೆ ಮಂಡಿಯೂರಿದಳು. ವಿಜಯಸಾರಥಿ ಮಲಗಿದ್ದ ಚಾಪೆ ಒಣಗಿತ್ತು. ಸುತ್ತಲ ನೆಲವೂ ಒಣ. ಚೀಲದ ಹೊರಮೈ ಸವರಿದಳು. ಅದೂ ಒಣ. ಒಳಗೆ ಕೈ ಹಾಕಿದಳು. ಮೊಣಕೈವರೆಗೆ ಒದ್ದೆಯಾಯಿತು.

“ಸಾರ್, ಮಫ್ಲರ್ ಕೊಡಿ.”

ತಲೆಗೆ ಸುತ್ತಿದ್ದ ಮಫ್ಲರ್ ಕೊಟ್ಟರು. ಗರಿಗರಿ ಒಣ.

“ಯಾರಾದ್ರೂ ನೀರು ಹೊಯ್ದಿದ್ರೆ ಕುತ್ತಿಗೆ ಹತ್ತಿರದ ಬಾಯಿಂದಲೇ ಹೊಯ್ಯಬೇಕು. ಮಫ್ಲರ್ ಹೇಗೆ ಒಣಗಿ ಉಳೀತು?”

“ಅಂದ್ರೆ?” ವಿಜಯಸಾರಥಿ ಹುಬ್ಬು ಗಂಟಿಕ್ಕಿದರು. “ನಾನೇ… ಅಂತ ಅನುಮಾನವಾ ನಿಂಗೆ? ಈ ವಯಸ್ಸಿನಲ್ಲಿ?”

ಜವರಯ್ಯ ಹಿಂದೆ ತಿರುಗಿ ತೆಂಗಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಇಲ್ಲ ಸಾರ್,” ಎಂದಳು ಶಿಲ್ಪಶ್ರೀ ಅವಸರದಲ್ಲಿ. “ವಾಸನೆ ಇಲ್ಲ. ನೋಡಿದ್ದೀನಿ.”

ಅಷ್ಟರಲ್ಲಿ ಆಂಡಾಳ್ ಕಾಫಿ ಲೋಟ ಹಿಡಿದು ಬಂದರು. ಕಣ್ಣು ಕೆಂಪಗಿತ್ತು.

“ನಿಮಗೂ ನಿದ್ದೆ ಇಲ್ವಾ ಅಮ್ಮ?”

“ಎಲ್ಲಿಂದ ಬರತ್ತೆ? ನಾನು ಕಿಟಕಿ ಪಕ್ಕ ಮಲಗಿದ್ದು. ಯಾರೋ ಚಿಪ್ಸ್ ಪ್ಯಾಕೆಟ್ ಬಿಚ್ಚಿ ತಿಂತಾನೇ ಇದ್ರು. ಚರಪರ, ಚರಪರ. ನೋಡು ಚೇತನ್, ಹಸಿವಾದ್ರೆ ಕೇಳ್ಬೇಕಪ್ಪ. ಕೋಡುಬಳೆ ತಂದಿದ್ದೆ.”

“ಅಯ್ಯೋ, ನಾನು ಏನೂ ತಿಂದಿಲ್ಲ!” ಒಂದೇ ಬೆಳಿಗ್ಗೆ ಎರಡು ಆರೋಪ ಹೊತ್ತ ಚೇತನ್‌ಗೆ ಕೆಮ್ಮು ಏರಿತು.

“ಶಬ್ದ ಯಾವ ಕಡೆಯಿಂದ ಬರ್ತಿತ್ತು?” ಶಿಲ್ಪಶ್ರೀ ಕೇಳಿದಳು.

“ಕಿಟಕಿ ಕೆಳಗಿಂದಲೇ. ಸಾರಥಿ ಮಲಗಿದ್ದನಲ್ಲ, ಅಲ್ಲಿ. ಅವನು ‘ರಾಮ ರಾಮ’ ಅಂದಾಗೆಲ್ಲ ಚರಪರ.”

“ನಿಮ್ಮ ಯಜಮಾನರು?”

“ಅವರು ಆಚೆ ನೀರಿನ ತೊಟ್ಟಿ ಪಕ್ಕ. ಮಗು ಥರ ಮಲಗಿದ್ರು. ಗೊರಕೆ ಬಿಟ್ರೆ ಬೇರೆ ಸದ್ದೇ ಇಲ್ಲ.”

ಅನಂತಸ್ವಾಮಿ ಆಗಲೇ ಮುಖ ತೊಳೆದು, ನಾಮ ಇಟ್ಟುಕೊಂಡು, ತಾವು ಮಲಗಿದ್ದ ಚೀಲವನ್ನು ಅಂದವಾಗಿ ಮಡಿಸಿ ಕೆಂಪು ಚೀಟಿಯ ಪೊಟ್ಟಣಕ್ಕೆ ತುಂಬುತ್ತಿದ್ದರು.

“ಹೇಗಿತ್ತು ಸಾರ್?” ಚೇತನ್ ಆಸೆಯಿಂದ ಕೇಳಿದ.

“ಚೆನ್ನಾಗಿತ್ತಪ್ಪ. ಬೆಚ್ಚಗೆ. ಒಂದು ಹನಿ ನೀರಿಲ್ಲ.”

“ನೋಡಿದ್ರಾ!” ಚೇತನ್ ಕುಣಿದೇಬಿಟ್ಟ. “ಕೆಂಪೇ ಗೆದ್ದಿದ್ದು. ಮಧ್ಯಾಹ್ನದೊಳಗೆ ಎಲ್ಲರಿಗೂ ಆರ್ಡರ್ ಹಾಕ್ತೀನಿ. ಇಲ್ಲದಿದ್ರೆ ಹೊರಡೋ ಹೊತ್ತಿಗೆ ಬರಲ್ಲ.”

ಗೆದ್ದ ಚೀಲದ ಬಗ್ಗೆ ಅನಂತಸ್ವಾಮಿ ಮುಂದೆ ಒಂದು ಮಾತೂ ಆಡಲಿಲ್ಲ. ಕಾಫಿ ಬಿಸಿ ಇದ್ದರೂ ಗಟಗಟ ಕುಡಿದುಬಿಟ್ಟರು.

* * *

ಚೇತನ್‌ನ ಕಾರು ಅರಸೀಕೆರೆ, ಜಾವಗಲ್ ದಾಟಿ ಹಳೇಬೀಡಿನ ಕಡೆ ಓಡಿತು. ವಿಜಯಸಾರಥಿಯನ್ನು ಮನೆಗೆ ಬಿಡಬೇಕಿತ್ತು. ಅವರು ಮುಂದಿನ ಸೀಟಿನಲ್ಲಿ, ಒದ್ದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯಾರಿಗೂ ಮುಟ್ಟಗೊಡಲಿಲ್ಲ. ಅದು ಸಾಕ್ಷಿಯಂತೆ. ಪಕ್ಕದಲ್ಲಿ ಗಾಡಿ ಓಡಿಸುತ್ತಿದ್ದ ಆರೋಪಿಯ ಜೊತೆ ಮಾತೂ ಆಡಲಿಲ್ಲ. “ಬಳಗಕ್ಕೆ ನನ್ನ ರಾಜೀನಾಮೆ,” ಎಂದು ಕಿಟಕಿಗೆ ಹೇಳಿದರು.

ಚೇತನ್ ಗೇರ್ ಬದಲಿಸಿದ. ಅವನ ಕಿವಿಯ ತುದಿ ಕೆಂಪಾಗಿತ್ತು. ಬಳಗವನ್ನು ಕಟ್ಟಿದವನು ಅವನು. ಅದು ಚೀಲವೊಂದರ ನೆಪದಲ್ಲಿ ಒಡೆಯುತ್ತಿತ್ತು.

ಹಿಂದಿನ ಸೀಟಿನಲ್ಲಿ ಶಿಲ್ಪಶ್ರೀ ಹಸಿರು ಚೀಟಿಯ ಮೇಲಿನ ಅಕ್ಷರ ಓದುತ್ತಿದ್ದಳು. ಗಾಳಿಯಾಡುವ ಬಟ್ಟೆ. ಮೈಯ ಬೆವರಿನ ಹಬೆ ಒಳಗೆ ನಿಲ್ಲುವುದಿಲ್ಲ. ಒದ್ದೆಯಾಗುವುದಿಲ್ಲ.

ಒದ್ದೆಯಾಗಿತ್ತಲ್ಲ?

ಚೀಟಿ ಸುಳ್ಳು ಹೇಳುತ್ತಿರಬೇಕು. ಇಲ್ಲವೇ ಮನುಷ್ಯರು. ಅವಳ ಅನುಭವದಲ್ಲಿ ಮನುಷ್ಯರೇ ಜಾಸ್ತಿ.

“ಆಂಡಾಳಮ್ಮ, ಉಬ್ಬಸ ಈಗ ಹೇಗಿದೆ?”

“ತೇವ, ಥಂಡಿ ಆಗಬಾರದು ಅಷ್ಟೆ. ಬೆಟ್ಟಕ್ಕೆ ಬರೋಕೆ ಡಾಕ್ಟ್ರು ಒಪ್ಪಿದಾರೆ.”

ಪಕ್ಕದಲ್ಲಿ ಅನಂತಸ್ವಾಮಿ ಕಣ್ಣು ಮುಚ್ಚಿ ಏನೋ ಜಪ ಮಾಡುತ್ತಿದ್ದರು.

* * *

ಹಳೇಬೀಡಿನ ಬಸ್‌ಸ್ಟ್ಯಾಂಡ್ ಬಳಿಯ ಹೋಟೆಲ್ಲಿನಲ್ಲಿ ಎಲ್ಲರೂ ಕೂತರು. ಚೇತನ್ ಮೊಬೈಲ್ ತೆಗೆದ. “ಹಾಗಾದ್ರೆ ಕೆಂಪು ಚೀಟಿಯದೇ ಆರ್ಡರ್ ಹಾಕ್ಲಾ?”

“ಒಂದು ನಿಮಿಷ,” ಎಂದಳು ಶಿಲ್ಪಶ್ರೀ. “ಸಾರ್, ಆ ಚೀಲ ಕೊಡಿ. ಪೊಲೀಸ್ ವಶಕ್ಕೆ.”

ಆ ಮಾತಿಗೆ ವಿಜಯಸಾರಥಿ ಸೋತರು. ಅವಳು ಚೀಲದ ಒಳಮೈಯನ್ನು ಹೊರಗೆ ತಿರುಗಿಸಿ ಟವೆಲ್ಲಿನಿಂದ ಒರೆಸಿ ಒಣಗಿಸಿದಳು. ಕೆಂಪು ಪೊಟ್ಟಣದಿಂದ ಇನ್ನೊಂದನ್ನು ತೆಗೆದಳು. ಆಮೇಲೆ ಹೋಟೆಲ್ಲಿನವನನ್ನು ಕರೆದಳು.

“ಎರಡು ಪ್ಲೇಟ್ ಇಡ್ಲಿ. ಹಬೆ ಆಡ್ತಿರಬೇಕು.”

ಇಡ್ಲಿ ಬಂತು. ಒಂದು ಚೀಲಕ್ಕೆ ಒಂದು ಪ್ಲೇಟ್ ಇಟ್ಟು, ಬಾಯಿ ಮಡಿಸಿ ಬೆಂಚಿನ ಮೇಲಿಟ್ಟಳು.

“ಮೇಡಂ, ಪಾರ್ಸೆಲ್ಲಿಗೆ ಬಾಳೆಲೆ ಐತೆ,” ಎಂದ ಹೋಟೆಲ್ಲಿನವನು, ಸ್ವಲ್ಪ ನೊಂದು.

ಎಲ್ಲರೂ ಕಾಫಿ ಮುಗಿಸುವವರೆಗೆ ಅವಳು ಚೀಲಗಳನ್ನು ಮುಟ್ಟಲಿಲ್ಲ. ಆಮೇಲೆ ವಿಜಯಸಾರಥಿಯ ಚೀಲ ಬಿಚ್ಚಿದಳು. ಚರಪರ, ಚರಪರ.

“ಅದೇ! ಅದೇ ಸದ್ದು!” ಆಂಡಾಳ್ ಎದ್ದು ನಿಂತರು. “ಅದೇ ಚಿಪ್ಸು!”

ಒಳಗಡೆ ಬೆಳ್ಳಿಯ ಮೇಲೆಲ್ಲ ನೀರ ಹನಿ. ಹನಿಗಳು ಇಳಿದು ಇಡ್ಲಿ ನೀರಿನಲ್ಲಿ ಕೂತಿತ್ತು. ಇನ್ನೊಂದು ಚೀಲ ಸದ್ದಿಲ್ಲದೆ ಬಿಚ್ಚಿಕೊಂಡಿತು. ಒಳಗೆ ತೆಳ್ಳಗೆ ಮಂಜು, ಅಷ್ಟೆ.

“ಸಾರ್, ನಿಮ್ಮ ಮೇಲೆ ಯಾರೂ ನೀರು ಹೊಯ್ದಿಲ್ಲ,” ಎಂದಳು ಶಿಲ್ಪಶ್ರೀ. “ಅದು ನಿಮ್ಮದೇ ಬೆವರು. ಚಳಿಯಲ್ಲೂ ಮೈಯಿಂದ ಹಬೆ ಹೋಗ್ತಾನೇ ಇರುತ್ತೆ. ಹೊರಗೆ ಹೋಗೋ ದಾರಿ ಇಲ್ದೆ ತಣ್ಣಗಿನ ಹಾಳೆಗೆ ತಾಗಿ ನೀರಾಯ್ತು. ಅದಕ್ಕೇ ಒಳಗೆ ಒದ್ದೆ, ಹೊರಗೆ ಒಣ. ತಲೆ ಆಚೆ ಇತ್ತು, ಮಫ್ಲರ್ ಒಣಗೇ ಉಳೀತು.”

“ಆದ್ರೆ ನಂದು ಗಾಳಿಯಾಡೋ ಬಟ್ಟೆದು!”

“ನಿಮ್ಮದು ಅಂತ ಪೊಟ್ಟಣ ಹೇಳಿತ್ತು. ಒಳಗಿದ್ದದ್ದು ಹಾಳೆ ಚೀಲ. ಕಿವಿಯಂತ್ರ ತೆಗೆದಿಟ್ಟಿದ್ರಿ, ಸದ್ದು ನಿಮಗೆ ಕೇಳಿಸಲಿಲ್ಲ. ಆಂಡಾಳಮ್ಮನಿಗೆ ಕೇಳಿಸ್ತು. ಚೀಲ ಅದಲು ಬದಲಾಗಿದೆ.”

ಚೇತನ್ ತಲೆ ಕೆರೆದುಕೊಂಡ. “ನಾನಂತೂ ಪೊಟ್ಟಣ ಬಿಚ್ಚೇ ಇಲ್ಲ. ಮತ್ತೆ ಯಾರು?”

ಶಿಲ್ಪಶ್ರೀ ಯಾರ ಕಡೆಯೂ ನೋಡಲಿಲ್ಲ. ಚರಪರ ಚೀಲವನ್ನು ಮಡಿಸಿ ಆಂಡಾಳ್ ಕೈಗಿಟ್ಟಳು. “ಅಮ್ಮ, ಯಾರು ಅಂತ ಗೊತ್ತಾಗೋವರೆಗೆ ಇದು ನಿಮಗೆ. ಕೆಂಪು ಚೀಟಿಯ ಚೀಲ ಇದೇ; ಕೆಂಪು ಬೆಚ್ಚಗಿತ್ತು ಅಂತ ನಿಮ್ಮ ಯಜಮಾನರೇ ಹೇಳಿದಾರಲ್ಲ? ಗುಡ್ಡದಲ್ಲಿ ನೀವು ಇದರಲ್ಲೇ…”

“ಬೇಡ!”

ಅನಂತಸ್ವಾಮಿ. ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಉರುಳಿತು.

“ಯಾಕ್ರೀ? ನೀವೇ ಬೆಚ್ಚಗಿತ್ತು ಅಂದ್ರಲ್ಲ?” ಎಂದರು ಆಂಡಾಳ್.

“ಅದು… ಅದಲ್ಲ. ನಾನು ಮಲಗಿದ್ದು ಅದರಲ್ಲಲ್ಲ.” ಅವರ ದನಿ ಇಳಿಯಿತು. “ಸಂಜೆ ಎಲ್ಲರೂ ಎಳನೀರು ಕುಡಿಯೋಕೆ ಹೋದಾಗ ಎರಡನ್ನೂ ಬಿಚ್ಚಿ ಮುಟ್ಟಿ ನೋಡಿದೆ. ಒಂದು ಶಾಲು ಇದ್ದ ಹಾಗಿತ್ತು. ಇನ್ನೊಂದು ಬಿಸ್ಕತ್ತಿನ ಕಾಗದ. ನೀನು ಕೈ ಎತ್ತಿಬಿಟ್ಟಿದ್ದೆ. ನನಗೆ ಚಳಿ ಅಂದ್ರೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ವಾ? ಬದಲಾಯಿಸಿಬಿಟ್ಟೆ. ಸಾರಥಿಗೆ ಅಷ್ಟು ಒದ್ದೆಯಾಗತ್ತೆ ಅಂತ ಆಣೆಗೂ ಗೊತ್ತಿರಲಿಲ್ಲ ಕಣೇ.”

ವಿಜಯಸಾರಥಿ ಬಾಯಿ ತೆರೆದವರು ಮುಚ್ಚಲೇ ಇಲ್ಲ. “ಭಾವ! ನೀವಾ?”

“ನನಗೆ ಮೊದಲೇ ಅನುಮಾನ ಬಂದಿತ್ತು,” ಎಂದಳು ಶಿಲ್ಪಶ್ರೀ. “ಸದ್ದಿಲ್ಲದ ಚೀಲ ತೊಟ್ಟಿ ಪಕ್ಕ ಇತ್ತು. ಅದರಿಂದ ಲಾಭ ಆಗಿದ್ದು ಅಲ್ಲಿ ಚೆನ್ನಾಗಿ ನಿದ್ದೆ ಮಾಡಿದೋರಿಗೆ ಮಾತ್ರ. ಚೇತನ್ ಬದಲಾಯಿಸಿದ್ರೆ ಅವನ ಕೆಂಪು ಚೀಲದ ಗುಣ ಪರೀಕ್ಷೆಯೇ ಆಗ್ತಿರಲಿಲ್ಲ. ಗೆದ್ದು ಏನು ಪ್ರಯೋಜನ, ಗುಡ್ಡಕ್ಕೆ ಅವನೂ ಅದನ್ನೇ ಹೊರಬೇಕಲ್ಲ? ಆದ್ರೆ ಅನಂತಸ್ವಾಮಿಗಳೇ, ಅದಲು ಬದಲು ಮಾಡಿದ್ದು ತಮಾಷೆ ಅಂತ ಬಿಡಬಹುದು. ಬೆಳಿಗ್ಗೆ ‘ಹನಿ ನೀರಿಲ್ಲ’ ಅಂದ್ರಲ್ಲ, ಅದು ತಮಾಷೆ ಅಲ್ಲ. ಗುಡ್ಡದಲ್ಲಿ ಕಾಲು ಮುರಿದವನು ಒದ್ದೆಯಾಗಿ ಆ ಚಳಿಯಲ್ಲಿ ಬಿದ್ದಿದ್ರೆ ಬೆಳಗಿನವರೆಗೆ ಉಳಿಯೋದು ಕಷ್ಟ.”

ಅನಂತಸ್ವಾಮಿ ತಲೆ ತಗ್ಗಿಸಿದರು. “ಕಾರಿನಲ್ಲಿ ಬರೋವಾಗೆಲ್ಲ ಅದನ್ನೇ ಯೋಚಿಸ್ತಿದ್ದೆ. ಹೇಳೋಕೆ ಬಾಯಿ ಬರಲಿಲ್ಲ. ತಪ್ಪಾಯ್ತಪ್ಪ.”

ವಿಜಯಸಾರಥಿ ನಿಧಾನವಾಗಿ ಚೇತನ್ ಕಡೆ ತಿರುಗಿದರು. ಇತಿಹಾಸದ ಮೇಷ್ಟ್ರಿಗೆ ಕ್ಷಮೆ ಕೇಳುವ ಅಭ್ಯಾಸ ಕಡಿಮೆ. ಗಂಟಲು ಸರಿಮಾಡಿಕೊಂಡರು. “ನಿನ್ನನ್ನ ಕಳ್ಳ ಅಂದೆ. ಅನ್ನಬಾರದಿತ್ತು.”

“ಬಿಡಿ ಸಾರ್,” ಎಂದ ಚೇತನ್. “ಚೀಲದ ವಿಷಯದಲ್ಲಿ ನೀವೇ ಸರಿ. ಕೊಂಚ ಭಾರ ಜಾಸ್ತಿಯಾದ್ರೂ ಪರವಾಗಿಲ್ಲ. ಎಲ್ಲರಿಗೂ ಹಸಿರು ಚೀಟಿಯದೇ.” ಅಲ್ಲೇ ಮೊಬೈಲ್ ಒತ್ತಿದ. ರಾಜೀನಾಮೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

“ಇನ್ನು ಇವರಿಗೆ ಶಿಕ್ಷೆ?” ಎಂದು ವಿಜಯಸಾರಥಿ ಭಾವನ ಕಡೆ ಕಣ್ಣು ಹಾಯಿಸಿದರು.

“ಅದು ನನ್ನ ಠಾಣೆ ವ್ಯಾಪ್ತಿಗೆ ಬರಲ್ಲ,” ಎಂದಳು ಶಿಲ್ಪಶ್ರೀ.

“ನನ್ನ ವ್ಯಾಪ್ತಿಗೆ ಬರತ್ತೆ,” ಎಂದರು ಆಂಡಾಳ್. “ಇವರು ಬೆಟ್ಟಕ್ಕೆ ಬರೋದೇ ಬೇಡ. ಮನೇಲಿ ಬಿದ್ದಿರ್ಲಿ. ಎರಡು ದಿನ ಒಬ್ಬರೇ.”

ಅನಂತಸ್ವಾಮಿ ತಲೆ ಎತ್ತಿದರು. ನಿನ್ನೆ ಸಂಜೆಯಿಂದ ಆ ಮುಖದಲ್ಲಿ ಕಾಣದಿದ್ದ ಬೆಳಕು ಒಮ್ಮೆಗೇ ಹರಡಿತು. ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಅಪರಾಧಿಗಳನ್ನು ಕಂಡಿದ್ದ ಶಿಲ್ಪಶ್ರೀ, ಶಿಕ್ಷೆ ಕೇಳಿ ಇಷ್ಟು ಸಂತೋಷಪಟ್ಟವರನ್ನು ಕಂಡಿರಲಿಲ್ಲ.

ಆಂಡಾಳ್ ಕೂಡ ಗಂಡನ ಮುಖವನ್ನೇ ನೋಡುತ್ತಿದ್ದರು.

“ಚೇತನ್,” ಎಂದರು, “ಇವರದ್ದೂ ಒಂದು ಸೇರಿಸಪ್ಪ. ಬರ್ತಾರೆ.”