ಕೆಂಬೊಳಲಿನ ಕೊನೆಯ ಮಗ್ಗ

ಮಗ್ಗದ ಸದ್ದಿಗೇ ಊರು ಕಣ್ಣು ತೆರೆಯುತ್ತಿದ್ದ ಕಾಲದಲ್ಲಿ ಕೆಂಬೊಳಲು ಎಂಬ ರಾಜ್ಯವಿತ್ತು. ಅಲ್ಲಿ ಬನವ್ವ ಎಂಬಾಕೆ ಅರಮನೆಯವರ ಉಡುಪುಗಳನ್ನು ರೂಪಿಸುತ್ತಿದ್ದಳು. ನೇಕಾರ ಅಜ್ಜಿ ಸಂಗವ್ವನ ಮಗ್ಗದ ಪಕ್ಕದಲ್ಲೇ ಮಲಗಿ, ಗಂಜಿ ಹಾಕಿದ ನೂಲಿನ ವಾಸನೆಯಲ್ಲೇ ಬೆಳೆದವಳು.

ಒಂದು ದಿನ ಗಾಜುಗಣ್ಣನೆಂಬ ಮಾಯಾವಿ ಬಂದ. ಕನ್ನಡಿಯೊಳಗೆ ಕೈಹಾಕಿ ಮಾರುಗಟ್ಟಲೆ ಹೊಳೆಯುವ ಬಟ್ಟೆ ಎಳೆದ. ನೂಲಿಲ್ಲ, ನೇಕಾರರಿಲ್ಲ. ರಾಜ ಮರುಳಾದ. ಎಲ್ಲರೂ ಅದನ್ನೇ ಉಡಬೇಕೆಂದು ಡಂಗುರ ಹೊಡೆಸಿದ. ಪಂಡಿತರು ತಲೆದೂಗಿದರು, ಅವರ ಕೆಲಸವೇ ಅದು. ಒಮ್ಮೆ ಉಟ್ಟರೆ ಆ ಬಟ್ಟೆ ಕಳಚುತ್ತಿರಲಿಲ್ಲ, ಉಟ್ಟವರಿಗೆ ತಮ್ಮವರ ನೆನಪು ಉಳಿಯುತ್ತಿರಲಿಲ್ಲ. ಮಗ್ಗಗಳು ಒಂದೊಂದಾಗಿ ಒಲೆ ಸೇರಿದವು. ಸೈನಿಕರು ಸಂಗವ್ವನಿಗೂ ಅದನ್ನು ಹೊದಿಸಿದರು.

"ಯಾರ ಮನೆಯ ಮಗಳವ್ವ ನೀನು?" ಎಂದು ಅಜ್ಜಿ ಮೊಮ್ಮಗಳನ್ನು ಕೇಳಿದಳು.

ತನಗೂ ಹೊದಿಸುವ ಮೊದಲೇ ಬನವ್ವ ನೇರ ಆಸ್ಥಾನಕ್ಕೆ ನಡೆದಳು. ಇನ್ನೂ ಆ ಬಟ್ಟೆ ಉಡದ ರಾಜಕುಮಾರಿಗೆ ಮದುವೆಯ ದಿನ ಈ ನೆಲದ ರೇಷ್ಮೆಯನ್ನೇ ಉಡಿಸುತ್ತೇನೆ ಎಂದಳು. ಸೋತರೆ ಉಳಿದಿರುವ ಒಂದೇ ಮಗ್ಗವನ್ನು, ಅವಳ ಅಜ್ಜಿಯದನ್ನು, ಸುಡುವೆನೆಂದ ಮಾಯಾವಿ. ಆಗಲೇ ಹೋಗಿ ಅದರ ಮೇಲಿದ್ದ ಸೀರೆಯನ್ನು ಕತ್ತರಿಸಿ ಒಯ್ದ. ಮಗ್ಗದಲ್ಲಿ ಉಳಿದ ಗೇಣುದ್ದದ ಎಳೆಗಳನ್ನು ಕಸವೆಂದು ಬಿಟ್ಟ.

ಬನವ್ವ ರೇಷ್ಮೆ ಕಾಯುವ ಸರ್ಪದ ಬಳಿ ಹೋದಳು. ಗೂಡನ್ನು ಹುಳುವಿನ ಸಮೇತ ಕುದಿಸುವವರಿಗೆ ಏನೂ ಕೊಡೆನೆಂದಿತು ಸರ್ಪ. ಚಿಟ್ಟೆ ಹಾರಿಹೋದ ಗೂಡುಗಳೇ ಸಾಕು, ನೂತುಕೊಳ್ಳುತ್ತೇನೆ ಎಂದಳು. ಸರ್ಪ ದಾರಿ ಬಿಟ್ಟಿತು.

ಅಲ್ಲಿಂದ ಬೆಟ್ಟಕ್ಕೆ ಹೋದಳು. ಅಲ್ಲಿನ ಹೆಂಗಸರು ಕೆಂಪು ದಾರದಲ್ಲಿ ಕಸೂತಿ ಹಾಕುತ್ತಿದ್ದರು. ಅವರ ಬಾಗಿಲಿಗೆ ಹುಲಿ ಕಾವಲಿತ್ತು.

"ಇವರ ಕಸೂತಿ ಒಯ್ದು ಅರಮನೆಯದು ಅಂತ ಮೆರೆದವರು ಬಹಳ ಜನ. ನೀನೂ ಅದಕ್ಕೇ ಬಂದೆಯಾ?" ಎಂದಿತು ಹುಲಿ.

"ಇವರ ಹೆಸರನ್ನು ತುಂಬಿದ ಸಭೆಯಲ್ಲಿ ಕೂಗುತ್ತೇನೆ. ಕೂಗದಿದ್ದರೆ ಬಂದು ತಿನ್ನು."

ಹುಲಿ ಮಲಗಿತು. ಹಿರಿಯಳಾದ ಕೇತಿ ಕಸೂತಿಯ ಅಂಚನ್ನು ಮಡಿಸಿಕೊಟ್ಟಳು.

ಮನೆಗೆ ಬಂದು, ಗೂಡುಗಳಿಂದ ಎಳೆ ನೂತು, ಮಗ್ಗದ ಮುಂದೆ ಕೂತಾಗ ಬನವ್ವನ ಕೈ ಸೋತಿತು. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅವಳು ಕೆಚ್ಚಿದ್ದೆಲ್ಲ ಬಿಚ್ಚಿಕೊಂಡಿತು. ಆಗ ಅಜ್ಜಿಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿ, ಎಳೆ ಜಾರದಂತೆ ಬೆರಳಿಗೆ ಬೂದಿ ಸವರಿ, ಎಳೆ ಹಿಡಿಸಿದಳು. ಅಜ್ಜಿ ಎತ್ತಲೋ ನೋಡುತ್ತಿದ್ದಳು. ಬೆರಳುಗಳು ಮಾತ್ರ ಹೊಸೆಯತೊಡಗಿದವು. ಸಾವಿರಾರು ಎಳೆಗಳು ಕೂಡಿದವು.

"ಬನವ್ವಾ, ಎಳೆ ಸಡಿಲ ಬಿಡಬೇಡ ಅಂತ ಎಷ್ಟು ಸಲ ಹೇಳಬೇಕೇ ನಿನಗೆ?"

ಹೊಳೆಯುವ ಬಟ್ಟೆ ಅಜ್ಜಿಯ ಮೈಯಿಂದ ನೀರಾಗಿ ಇಳಿಯಿತು. ಬನವ್ವ ಅತ್ತುಕೊಂಡೇ ಎಳೆ ಬಿಗಿ ಹಿಡಿದಳು.

ಮದುವೆಯ ದಿನ ರಾಜಕುಮಾರಿ ಸಂಗವ್ವ ನೇಯ್ದ, ಬೆಟ್ಟದ ಕಸೂತಿಯ ಅಂಚು ಹಚ್ಚಿದ ಸೀರೆ ಉಟ್ಟು ನಿಂತಳು. ರಾಜ ಅದನ್ನು ಅರಮನೆಯ ರೇಷ್ಮೆ ಎಂದು ಸಾರಲು ಹೊರಟ.

"ಅರಮನೆ ಒಂದೆಳೆಯನ್ನೂ ನೂತಿಲ್ಲ, ಪ್ರಭು. ನೇಯ್ದವಳು ಸಂಗವ್ವ. ಕಸೂತಿ ಹಾಕಿದವರು ಕೇತಿ ಮತ್ತು ಅವಳ ಬೆಟ್ಟದ ಹೆಂಗಸರು" ಎಂದು ಬನವ್ವ ಒಬ್ಬೊಬ್ಬರ ಹೆಸರನ್ನೂ ಕೂಗಿದಳು.

ಕೊನೆಯ ಹೆಸರು ಕೇಳಿದ್ದೇ ತಡ, ನೇಯ್ದವರ ಹೆಸರೇ ಇಲ್ಲದ ಮಾಯೆಯ ಬಟ್ಟೆಗಳೆಲ್ಲ ನೀರಾದವು. ಪಂಡಿತರು ಪರದೆಗಳ ಹಿಂದೆ ಓಡಿದರು. ಆ ಪರದೆಗಳೂ ಸಂಗವ್ವ ನೇಯ್ದವೇ. ಗಾಜುಗಣ್ಣ ಚೂರುಚೂರಾಗಿ ಉದುರಿದ. ಮರೆತ ಮಕ್ಕಳನ್ನು ತಾಯಂದಿರು ಹೆಸರು ಹಿಡಿದು ಕರೆದರು.

ಬೀದಿಬೀದಿಯಲ್ಲಿ ಮತ್ತೆ ಮಗ್ಗಗಳು ಎದ್ದವು. ಕೆಂಬೊಳಲಿನವರು ಮೊದಲಿನಂತೆಯೇ ಅವುಗಳ ಸದ್ದಿಗೆ ಎದ್ದು, ನೆಮ್ಮದಿಯಾಗಿ ಬಾಳಿದರು. ಮದುವೆಯ ಸೀರೆಯನ್ನು ಮಗ್ಗದಿಂದ ಇಳಿಸಿದಾಗಲೂ ಸಂಗವ್ವ ಗೇಣುದ್ದದ ಎಳೆಗಳನ್ನು ಅದರಲ್ಲೇ ಬಿಟ್ಟಿದ್ದಳು. ಮುಂದಿನ ಸೀರೆಯ ಎಳೆಗಳನ್ನು ಅವಕ್ಕೆ ಬನವ್ವ ತಾನೇ ಕೆಚ್ಚಿದಳು. ಒಂದೂ ಬಿಚ್ಚಿಕೊಳ್ಳಲಿಲ್ಲ.