ಹೊನ್ನಕ್ಕಿಯ ಬೆನ್ನು ಹತ್ತಿ

ಹೇಳಿಬಿಡಲೇ? ಗೂಡು ಕಟ್ಟುವ ಕಾಲದಲ್ಲಿ ಫೋನಿನಿಂದ ಸುಳ್ಳು ಕೂಗು ಕೂಗಿಸಿ ಹಕ್ಕಿಯನ್ನು ಹೊರಗೆಳೆಯುವುದು ಬೇಟೆಯಲ್ಲದೆ ಮತ್ತೇನು? ಆದರೆ ಹೇಳಿದರೆ ಭಾವನ ಮುಖ ಸಂಜೆಯವರೆಗೂ ಊದಿಕೊಂಡಿರುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಅವನು ಹಲ್ಲು ಕಚ್ಚಿ ಕುಳಿತ.

ಭಾವ ದರ್ಜಿ. ಊರಿನ ಹಕ್ಕಿನೋಡುಗರಲ್ಲಿ ಹೊನ್ನಕ್ಕಿ ಕಾಣದವರು ಅವರೊಬ್ಬರೇ. "ಇವತ್ತು ನೋಡದೆ ಮನೆಗೆ ಬರಲ್ಲ" ಎಂದು ಪಣ ತೊಟ್ಟು ಹೊರಟಿದ್ದರು. ಕಾರು ಓಡಿಸುತ್ತಿದ್ದವಳು ಅಕ್ಕ.

ಡಾಂಬರು ಮುಗಿದು ಮಣ್ಣಿನ ಹಾದಿ ಶುರುವಾಯಿತು. ಎರಡೂ ಬದಿಯ ಬೇಲಿಗಳಲ್ಲಿ ಎಳೆ ಚಿಗುರು ತಾಮ್ರದ ಬಣ್ಣ ಕಳಚಿ ಹಸಿರಿಗೆ ತಿರುಗುತ್ತಿತ್ತು. ಉತ್ತ ಹೊಲಗಳ ಮೇಲೆ ಹಕ್ಕಿಗಳು ಹಾಡುತ್ತಲೇ ಏರಿ, ಹಾಡುತ್ತಲೇ ಇಳಿಯುತ್ತಿದ್ದವು. ತಿರುವಿಗೊಂದು ಹೊಸ ದನಿ. ಎಲ್ಲವನ್ನೂ ಅದುಮಿ ಭಾವನ ಫೋನು ಒಂದೇ ಸಮನೆ ಕೂಗುತ್ತಿತ್ತು.

ಕಾಲುವೆಯಾಚೆಯ ತೋಪಿನಿಂದ ಉತ್ತರ ಬಂತು.

"ಕೇಳಿಸ್ತಾ? ಇಳೀರಿ, ಇಳೀರಿ!"

"ಸೇತುವೆ ಎಲ್ಲಿದೆ ರೀ?"

"ಮರದ ದಿಮ್ಮಿ ಇದ್ಯಲ್ಲ, ಸಾಕು."

ದಿಮ್ಮಿ ಪಾಚಿಗಟ್ಟಿತ್ತು. ಭಾವ ದಾಟಿದರು. ನಡುವೆ ಅಕ್ಕ ಜಾರಿದಳು.

ಹಿಂದೆಯೇ ಇದ್ದ ಅವನು ಬಗ್ಗಿ ಅವಳ ಮಣಿಕಟ್ಟು ಹಿಡಿದ. ಕೆಳಗೆ ನೀರು ಸುಳಿ ಸುತ್ತುತ್ತಿತ್ತು. ಎಳೆದ. ಚಪ್ಪಲಿ ಹೋಯಿತು, ಅಕ್ಕ ಉಳಿದಳು.

"ನಾನು ಮುಳುಗಿದ್ರೂ ನಿಮಗೆ ಆ ಕೂಗೇ ಹೆಚ್ಚು, ಅಲ್ವಾ?"

"ಮುಳುಗಿಲ್ವಲ್ಲ ಈಗ! ಮೆಲ್ಲಗೆ ಮಾತಾಡೇ" ಎಂದ ಭಾವ ಮತ್ತೆ ಫೋನು ಒತ್ತಿದರು.

ಮುಳ್ಳುಪೊದೆ ಸೀಳಿ ನುಗ್ಗಿದರು. ಕೂಗಿಸಿದಷ್ಟೂ ಉತ್ತರ ಹತ್ತಿರವಾಯಿತು. ಕೊನೆಗೆ ಪೊದೆ ಸರಿಸಿ ಎದುರಿಗೆ ಬಂದವರು ಊರಿನ ಹಲ್ಲಿನ ಡಾಕ್ಟರು. ಮೈಯೆಲ್ಲ ಗೀರು. ಒಂದು ಕೈಯಲ್ಲಿ ಹೊನ್ನಕ್ಕಿಯಂತೆ ಕೂಗುತ್ತಿದ್ದ ಫೋನು, ಇನ್ನೊಂದರಲ್ಲಿ ಗಿಡ ಸವರುವ ಕತ್ತರಿ.

"ಅಯ್ಯೋ, ಇಷ್ಟೊತ್ತು ಕೂಗಿದ್ದು ನೀವಾ?"

"ನೀವಾ?"

"ಒಳ್ಳೇ ಜೋಡಿ" ಎಂದಳು ಅಕ್ಕ. "ಇಬ್ರೂ ಸೇರಿ ಗೂಡು ಕಟ್ಕೊಳ್ಳಿ."

ಅವನಿಗೆ ನಗು ಬರಲಿಲ್ಲ. "ಆ ಕತ್ತರಿ ಯಾಕೆ ಡಾಕ್ಟ್ರೇ?"

"ಗೂಡು ಸಿಕ್ಕಿದ್ರೆ ಎಲೆ ಅಡ್ಡ ಬರುತ್ತಪ್ಪ. ಸವರಿದ್ರೆ ಫೋಟೋ ಚೆನ್ನಾಗಿ ಬರುತ್ತೆ."

"ಕಾಗೆಗೂ ಮೊಟ್ಟೆ ಚೆನ್ನಾಗಿ ಕಾಣುತ್ತೆ."

"ಸ್ವಲ್ಪ ಸವರಿದ್ರೆ ಏನಾಗುತ್ತೋ?" ಎಂದರು ಭಾವ.

ಅವನ ಮೈ ಉರಿದುಹೋಯಿತು. ಇವರಿಗೆ ಹಕ್ಕಿ ಬೇಕಿಲ್ಲ, ಹಕ್ಕಿ ಕಂಡೆನೆಂಬ ಹೆಸರು ಬೇಕು! ಬೈಯಲೆಂದು ಬಾಯಿ ತೆರೆದು ತಲೆಯೆತ್ತಿದ.

ಡಾಕ್ಟರ ನೆತ್ತಿಯ ನೇರಕ್ಕೆ, ಕವಲುಕೊಂಬೆಯಲ್ಲಿ ನಾರಿನ ಬಟ್ಟಲೊಂದು ತೂಗುತ್ತಿತ್ತು. ಅದರಲ್ಲಿ ಕದಲದೆ ಕುಳಿತ ಹೆಣ್ಣು. ಎಲೆಗಳ ಹಿಂದೆ ಗಂಡು, ಹೊಂಬಣ್ಣದ ಮೈ ಕುಗ್ಗಿಸಿಕೊಂಡು, ಕೊಕ್ಕು ಮುಚ್ಚಿ.

ಅವನೂ ಬಾಯಿ ಮುಚ್ಚಿದ. ಕಣ್ಣು ಕೆಳಗಿಳಿಸಿದ.

"ಭಾವ, ಅಕ್ಕನ ಕಾಲಿಗೆ ಮುಳ್ಳು ಹೊಕ್ಕು ರಕ್ತ ಬರ್ತಿದೆ. ನಡೀರಿ."

ಭಾವ ಆಗಷ್ಟೇ ಅವಳ ಕಾಲು ನೋಡಿದರು. ತಮ್ಮ ಬೂಟು ಬಿಚ್ಚಿ ಅವಳ ಮುಂದಿಟ್ಟರು. ದಿಮ್ಮಿಯನ್ನು ಎಲ್ಲರೂ ಅಂಬೆಗಾಲಿಟ್ಟು ದಾಟಿದರು. ಡಾಕ್ಟರ ಕತ್ತರಿ ನೀರುಪಾಲಾಯಿತು. ಕಾರು ಸೇರುವಷ್ಟರಲ್ಲಿ ಭಾವನ ಅಂಗಾಲು ಒಡೆದಿತ್ತು.

"ಆ ತೋಪಲ್ಲಿ ಹೊನ್ನಕ್ಕಿ ಇಲ್ಲ ಬಿಡಿ, ಇನ್ನು ಬರೋದೇ ದಂಡ" ಎಂದು ಡಾಕ್ಟರು ತಮ್ಮ ದಾರಿ ಹಿಡಿದರು.

"ನನ್ನ ಹಣೇಲಿ ಬರೆದಿಲ್ಲ ಕಣೋ" ಎಂದ ಭಾವನ ದನಿ ಸಣ್ಣದಾಗಿತ್ತು.

ಹೊನ್ನಕ್ಕಿ ಅವರ ತಲೆಯ ಮೇಲೆಯೇ ಇತ್ತೆಂದು ಅವನು ಭಾವನಿಗೆ ಎಂದೂ ಹೇಳಲಿಲ್ಲ.