ನೂರರಲ್ಲೊಂದು ಪಿನ್ನು

ಏಳನೇ ಟೆಂಡರೂ ಅವನ ಕೈತಪ್ಪಿತು. ವಾಯುಪಡೆಯ ವಿಮಾನದ ಚಕ್ರ ಮಡಚುವ ಜಾಗಕ್ಕೆ ಹಾಕುವ ಬೆರಳುದ್ದದ ಉಕ್ಕಿನ ಪಿನ್ನು. ಅದನ್ನು ಅವನಷ್ಟು ಚೆನ್ನಾಗಿ ಮಾಡುವವರು ಆ ಕೈಗಾರಿಕಾ ಪ್ರದೇಶದಲ್ಲೇ ಇರಲಿಲ್ಲ. ಆದರೂ ಆರ್ಡರು ಹೋಗುತ್ತಿದ್ದದ್ದು ಎದುರು ರಸ್ತೆಯ ‘ಮೂರಂತಸ್ತಿ’ಗೆ. ಅಲ್ಲಿನ ಕಟ್ಟಡ ನೋಡಿ ಅದರ ಮಾಲೀಕನಿಗೆ ಅವನಿಟ್ಟ ಅಡ್ಡಹೆಸರು ಅದು. ತನ್ನದೋ ಉಕ್ಕು ಕಡೆಯುವ ಎರಡು ಲೇತು, ಒಂದು ತಗಡಿನ ಶೆಡ್ಡು. ಎಂಟನೆಯದೂ ಹೋದರೆ ಶೆಡ್ಡಿಗೆ ಬೀಗವೇ.

“ನಾನು ಕೊಟ್ಟ ಸ್ಯಾಂಪಲ್ ಯಾರಾದ್ರೂ ಕಣ್ಣೆತ್ತಿ ನೋಡ್ತಾರಾ? ಸೀದಾ ಕಸಕ್ಕೆ ಹಾಕ್ತಾರೆ ಕಣೇ!” ಎಂದು ತಟ್ಟೆ ದೂಡಿದ.

“ಇನ್ನೊಂದ್ಸಲ ಹಾಕಿ ನೋಡೋಣ ರೀ,” ಎಂದಳು, ಟೆಂಡರಿನ ಕಾಗದಪತ್ರವನ್ನೆಲ್ಲ ತಾನೇ ಟೈಪು ಮಾಡುವ ಹೆಂಡತಿ.

ಅವನಿಗೆ ಮೈಯೆಲ್ಲ ಉರಿಯಿತು. ಹಾಕುತ್ತೇನೆ, ಆದರೆ ಮೊದಲು ಮೂರಂತಸ್ತನ್ನು ನೆಲಸಮ ಮಾಡಿಯೇ ಹಾಕುತ್ತೇನೆ ಎಂದುಕೊಂಡ.

ಮೂರಂತಸ್ತಿನ ಮುದ್ರೆ ಹೊತ್ತ, ಬಿರುಕು ಬಿಟ್ಟ ಪಿನ್ನೊಂದು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಸಾಕು, ಆ ಮಾಲೀಕನ ಹೆಸರು ಪೂರೈಕೆದಾರರ ಪಟ್ಟಿಯಿಂದ ಎಗರಿಹೋಗುತ್ತದೆ. ಯಾರ ಜೀವಕ್ಕೂ ಅಪಾಯವಿಲ್ಲ. ಬಿರುಕು ತೋರಿಸುವ ಕೆಂಪು ದ್ರಾವಣದಲ್ಲಿ ಅದ್ದಿ ಪರೀಕ್ಷಿಸದೆ ಒಂದು ಪಿನ್ನೂ ವಿಮಾನದ ಹತ್ತಿರ ಸುಳಿಯುವುದಿಲ್ಲ. ಇಷ್ಟು ಸಜ್ಜನಿಕೆಯ ಅಪರಾಧ ಇನ್ನೆಲ್ಲಿದ್ದೀತು?

ಗುಜರಿಯಲ್ಲಿ ಮೂರಂತಸ್ತಿನ ತಿರಸ್ಕೃತ ಪಿನ್ನಿನ ಅರ್ಧ ತುಂಡು ಸಿಕ್ಕಿತು. ಅದರ ಮೇಲಿದ್ದ ಮುದ್ರೆಯನ್ನು ಅಕ್ಷರದ ಓರೆಯೂ ಬಿಡದೆ ನಕಲು ಮಾಡಿದ. ಅದೇ ಉಕ್ಕು ತಂದು, ನಕ್ಷೆಯಲ್ಲಿದ್ದ ಅಳತೆಗೆ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಪಿನ್ನು ಕಡೆದು, ಎಣ್ಣೆಯ ತೂತು ಕೊರೆದ. ಕೆಂಪಗೆ ಕಾಯಿಸಿ ತಣ್ಣೀರಿಗೆ ಹಾಕಿ ಬಿರುಕು ಬರಿಸಿದ. ಕಣ್ಣಿಗೆ ಕಾಣದಂತೆ ಮೇಲೆ ಉಜ್ಜಿದ. ಹಾಳು ಮಾಡುವುದರಲ್ಲೂ ಇಷ್ಟು ಅಚ್ಚುಕಟ್ಟೇ ಎಂದು ತನ್ನಷ್ಟಕ್ಕೆ ತಾನೇ ಬೀಗಿದ.

ಎಂಟನೇ ಸ್ಯಾಂಪಲ್ ಕೊಡಲು ವಾಯುಪಡೆಯ ಡಿಪೋಗೆ ಹೋದಾಗ ಮೂರಂತಸ್ತಿನ ನೂರು ಪಿನ್ನುಗಳ ಪೆಟ್ಟಿಗೆ ಕೌಂಟರಿನ ಮೇಲೇ ಬಾಯ್ದೆರೆದು ಕೂತಿತ್ತು. ಗುಮಾಸ್ತ ರಸೀದಿಗೆ ಸೀಲು ಹಾಕಿಸಲು ಒಳಗೆ ಹೋದ. ಅವನು ಪೆಟ್ಟಿಗೆಗೆ ತನ್ನದೊಂದು ಹಾಕಿದ, ಅಲ್ಲಿಂದ ಒಂದು ತೆಗೆದ, ಲೆಕ್ಕ ತಪ್ಪಬಾರದಲ್ಲ. ತೆಗೆದದ್ದನ್ನು ದಾರಿಯಲ್ಲೇ, ತಿರುಗಿಸಿಯೂ ನೋಡದೆ ಚರಂಡಿಗೆ ಎಸೆದ.

ಹನ್ನೊಂದನೇ ದಿನ ಡಿಪೋದ ತಪಾಸಣಾಧಿಕಾರಿಯಿಂದ ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಗೆ ಕಣ್ಣು ಮಿಟುಕಿಸಿ ಹೊರಟ.

“ಕೂತ್ಕೊಳ್ಳಿ,” ಎಂದರು ಅಧಿಕಾರಿ. “ದರ ಸ್ವಲ್ಪ ಹೆಚ್ಚಾದ್ರೂ ಪರವಾಗಿಲ್ಲ, ಈ ಸಲ ನಿಮಗೇ ಕೊಡಿ ಅಂತ ಹೋದ ತಿಂಗಳೇ ಮೇಲಿನವರಿಗೆ ಬರೆದಿದ್ದೆ.”

ಆಕೆ ಮೇಜಿನ ಡ್ರಾಯರ್ ಎಳೆದರು. ಅವನ ಏಳೂ ಹಳೆಯ ಸ್ಯಾಂಪಲ್‌ಗಳು ಹತ್ತಿಯ ಮೇಲೆ ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ ಬಿರುಕಿನ ಪಿನ್ನನ್ನೂ, ಮೂರಂತಸ್ತಿನ ಇನ್ನೊಂದನ್ನೂ ಇಟ್ಟರು.

“ಎಣ್ಣೆ ಹರಿಯೋ ತೂತಿದೆಯಲ್ಲ, ಅದರೊಳಗೆ ಉಗುರು ಆಡಿಸಿ ನೋಡಿ.”

ಮೂರಂತಸ್ತಿನ ಪಿನ್ನಿನಲ್ಲಿ ಡ್ರಿಲ್ಲು ಬಿಟ್ಟ ಚೂಪಂಚು ಉಗುರಿಗೆ ತಡೆಯಿತು. ಪೆಟ್ಟಿಗೆಯ ತೊಂಬತ್ತೊಂಬತ್ತೂ ಹಾಗೇ ಇದ್ದವಂತೆ; ಆ ಅಂಚಿನ ಬಗ್ಗೆ ನಕ್ಷೆಯಲ್ಲಿ ಒಂದಕ್ಷರವಿಲ್ಲ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಅವನ ಏಳು ಸ್ಯಾಂಪಲ್‌ಗಳಲ್ಲಿ ಉಗುರು ನಯವಾಗಿ ಜಾರಿತು. ಬಿರುಕಿನ ಪಿನ್ನಿನಲ್ಲೂ ಜಾರಿತು. ಕಡ್ಡಿಗೆ ಉಜ್ಜುಕಾಗದ ಸುತ್ತಿ ಆ ತೂತನ್ನು ನುಣುಪು ಮಾಡಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ಕೈ ತನ್ನ ಪಾಡಿಗೆ ತಾನು ಮಾಡಿ ಮುಗಿಸಿತ್ತು.